ಎದುರು ಕೂತವರ ಮುಖ ಕಾಣುವಷ್ಟು ಎತ್ತರ

ದೀಪಾವಳಿ ಕಳೆದರೆ ಸಾಕು, ನಮ್ಮ ಸಿಸ್ಟರಮ್ಮನ ಎರಡೂ ಹೆಬ್ಬೆರಳುಗಳ ತುದಿ ಸೀಳಿ ಬಿರುಕು ಬಿಡುತ್ತಿತ್ತು. ಬಿರುಕಿನೊಳಗೆ ಕಪ್ಪು ಗೆರೆ; ಎಷ್ಟು ಸೋಪು ಹಾಕಿ ಉಜ್ಜಿದರೂ ಹೋಗದು. ದ್ರಾಕ್ಷಿ ಬಳ್ಳಿಯ ಕಡ್ಡಿಗಳನ್ನು ಬಗ್ಗಿಸಿ ಬಗ್ಗಿಸಿ ಆದದ್ದು ಅದು. ಚಿಕ್ಕಬಳ್ಳಾಪುರದ ಸುತ್ತಲಿನ ತೋಟಗಳಲ್ಲಿ ಆ ಹೊತ್ತಿಗೆ ಬಳ್ಳಿ ಕತ್ತರಿಸಿ ಬದುವಿಗೆ ಎಸೆದಿರುತ್ತಾರೆ. ಅವನ್ನು ಹೊರೆ ಕಟ್ಟಿ ತಂದು, ತೊಟ್ಟಿಯಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಹೆಣೆದು ಸಿಂಬೆಯಂತೆ ಸುತ್ತುತ್ತಿದ್ದರು. ಆ ಸಿಂಬೆಗೆ ಸರ್ವೆ ಮರದ ಕಾಯಿ, ಒಣಗಿದ ನೀಲಗಿರಿ ಕಾಯಿ, ರಾಗಿ ತೆನೆ ಸಿಕ್ಕಿಸುವುದು. ಶಿಡ್ಲಘಟ್ಟದಿಂದ ಯಾರಾದರೂ ಚಿಟ್ಟೆ ಹೊರಬಿದ್ದು ತೂತಾದ ರೇಷ್ಮೆಗೂಡು ತಂದುಕೊಟ್ಟರೆ, ಕತ್ತರಿಯಲ್ಲಿ ಎಸಳು ಬಿಡಿಸಿ ಬಿಳಿ ಹೂವು ಮಾಡುವುದು. ಕಾಯಿಗಳ ತುದಿಗೆ ಸುಣ್ಣದ ತಿಳಿ ಮುಟ್ಟಿಸಿದರೆ ಇಬ್ಬನಿ ಕೂತ ಹಾಗೆ ಕಾಣುತ್ತಿತ್ತು. ನಡುವೆ ಗಾಜಿನ ಲೋಟದಲ್ಲಿ ಒಂದು ಮೇಣದಬತ್ತಿ. ಅಂಗಡಿಯಿಂದ ತರುತ್ತಿದ್ದುದು ಅದೊಂದೇ.

ಇದೆಲ್ಲ ಅವರ ಊಟದ ಮೇಜಿಗೆ, ಕ್ರಿಸ್‌ಮಸ್‌ಗೆ ಮುಂಚಿನ ಭಾನುವಾರ ತಮ್ಮ ಬೀದಿಯ ಮನೆಯವರಿಗೆ ಹಾಕುತ್ತಿದ್ದ ಊಟಕ್ಕೆ. ಒಮ್ಮೆ ನಾನು ಚೆಂದ ಕಾಣಲಿ ಎಂದು ರಾಗಿ ತೆನೆಗಳನ್ನು ನೆಟ್ಟಗೆ ನಿಲ್ಲಿಸಿದ್ದೆ. ಬಂದು ಕಿತ್ತು ಹಾಕಿದರು.

"ಇದೇನೇ, ಕಳಸ ಇಡ್ತಿದೀಯಾ? ಎದುರು ಕೂತೋರ ಮುಖ ಕಾಣ್ಬೇಕು ಕಣೇ. ಮುಖ ಕಾಣ್ದೆ ಉಣ್ಣೋದು ಗೋಡೆ ನೋಡ್ಕೊಂಡು ಉಂಡಂಗೆ."

ಅವರು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಒಂಟಿ ಜೀವ. ಬೀದಿಯ ಅರ್ಧ ಮಕ್ಕಳು ಅವರ ಕೈಯಲ್ಲೇ ಹುಟ್ಟಿದವರು. ನನ್ನ ಅಮ್ಮ ಆ ಬೀದಿಯ ಮನೆಗಳಲ್ಲಿ ಕಸ ಮುಸುರೆ ಮಾಡುತ್ತಿದ್ದಳು. ಊರಾಚೆಯ ದಲಿತರ ಕಾಲೋನಿಯವರು ನಾವು. ಬೇರೆ ಮನೆಗಳಲ್ಲಿ ಅಮ್ಮನಿಗೆ ಹಿತ್ತಲ ಬಾಗಿಲು. ಸಿಸ್ಟರಮ್ಮನ ಮನೆಯಲ್ಲಿ ಮಾತ್ರ ಮುಂಬಾಗಿಲು. ನಾನು ಓದಿದ್ದು ಅವರ ಮೇಜಿನ ಮೇಲೆ. ಇಂಗ್ಲಿಷಿನಲ್ಲಿ ಫೇಲಾಗಿ, ಶಿಡ್ಲಘಟ್ಟಕ್ಕೆ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತೇನೆಂದು ಹೊರಟಾಗ, "ಬಿಸಿನೀರಲ್ಲಿ ಕೈ ಬೇಯಿಸ್ಕೊಳೋ ಕೆಲ್ಸ ಎಲ್ಲೂ ಓಡೋಗಲ್ಲ. ಇನ್ನೊಂದ್ಸಲ ಬರಿ" ಎಂದರು. ಬರೆದೆ. ನಮ್ಮ ವಂಶದಲ್ಲಿ ಡಿಗ್ರಿ ಪಡೆದ ಮೊದಲಿಗಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಎರಡು ಸಾವಿರದ ಆರರ ಸುಮಾರು, ನಾನು ಪಾಸಾದ ವರ್ಷದ ಡಿಸೆಂಬರ್. ಬೀದಿಯವರು ಮುಜುಗರವಿಲ್ಲದೆ ಉಣ್ಣಲಿ ಎಂದು ಸಿಸ್ಟರಮ್ಮ ಪ್ರತಿ ವರ್ಷ ಪೇಟೆಯಿಂದ ಭಟ್ಟರನ್ನು ಕರೆಸಿ ಅಡುಗೆ ಮಾಡಿಸುತ್ತಿದ್ದರು. ಅವರೆಕಾಳು ಹಿತಕುತ್ತಿದ್ದವಳು ಮಾತ್ರ ಅಮ್ಮ. ಅದನ್ನು ಯಾರೂ ಕೇಳಿರಲಿಲ್ಲ. ಎಲ್ಲರೂ ಎದ್ದ ಮೇಲೆ ಅವಳು ಅಡುಗೆಮನೆಯಲ್ಲಿ ಉಣ್ಣುತ್ತಿದ್ದಳು. ಆ ವರ್ಷ ಸಿಸ್ಟರಮ್ಮ ನಮ್ಮಿಬ್ಬರಿಗೆಂದು ಮೇಜಿಗೆ ಇನ್ನೆರಡು ಕುರ್ಚಿ ಹಾಕಿದರು. ಅಮ್ಮ ಹೆದರಿಹೋದಳು.

"ಬೇಡ ಸಿಸ್ಟರಮ್ಮಾ, ಅವ್ರು ಎದ್ದೋಗ್ತಾರೆ."

"ಎಲ್ಲಾ ನನ್ ಕೈಲಿ ಹೆರಿಗೆ ಮಾಡಿಸ್ಕೊಂಡೋರು. ಎಲ್ಲೋಗ್ತಾರೆ? ಮಗಳು ಡಿಗ್ರಿ ಮಾಡವ್ಳೆ, ಕೂತ್ಕೋ."

"ನಿಮಗೇನಮ್ಮಾ, ಪಿಂಚಣಿ ಬರ್ತದೆ. ನಂಗೆ ಅವ್ರ ಮನೆ ಕೆಲ್ಸಾನೇ ಅನ್ನ."

ಆ ಮಾತನ್ನು ಸಿಸ್ಟರಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ.

ನಿವೃತ್ತ ಹೆಡ್‌ಮಾಸ್ಟರು, ಅವರ ಹೆಂಡತಿ, ತಾಲ್ಲೂಕು ಕಚೇರಿಯ ಗುಮಾಸ್ತರ ಸಂಸಾರ ಬಂದು ಕೂತರು. ನನಗೆ ಶಹಬ್ಬಾಸ್ ಹೇಳಿದರು. ಎಲೆಗೆ ಉಪ್ಪು, ಕೋಸಂಬರಿ ಬಿತ್ತು. ಆಮೇಲೆ ಅಮ್ಮ ಬಂದು ಕುರ್ಚಿಯ ಅಂಚಿಗೆ ಕೂತಳು. ಅಷ್ಟು ತಗ್ಗಾಗಿ ಮಾಡಿದ ಅಲಂಕಾರದ ಆಚೆ ಅವಳ ಮುಖ ಪೂರ್ತಿ ಕಾಣುತ್ತಿತ್ತು.

ಹೆಡ್‌ಮಾಸ್ಟರ ಹೆಂಡತಿ ರೇಷ್ಮೆಗೂಡಿನ ಹೂವನ್ನೇ ಸ್ವಲ್ಪ ಹೊತ್ತು ನೋಡಿದರು. "ಅಯ್ಯೋ, ಇವತ್ತು ಸಂಕಷ್ಟಿ ಅನ್ನೋದೇ ಮರ್ತಿದ್ದೆ ಸಿಸ್ಟರಮ್ಮಾ" ಎಂದು ಎದ್ದರು.

"ಸಂಕಷ್ಟಿ ಆಗ್ಲೇ ಆಯ್ತಲ್ಲಮ್ಮಾ" ಎಂದರು ಸಿಸ್ಟರಮ್ಮ.

ಗುಮಾಸ್ತರು ಹೆಂಡತಿಯ ಕಡೆ ತಿರುಗಿ ತೆಲುಗಿನಲ್ಲಿ "ಪದವೇ, ಪೋದಾಂ", ನಡಿಯೇ ಹೋಗೋಣ, ಎಂದು ಮೆಲ್ಲಗೆ ಅಂದು ಚಪ್ಪಲಿ ಹುಡುಕಿದರು. ಯಾರೂ ದನಿ ಎತ್ತಲಿಲ್ಲ. ಬೈದಿದ್ದರೆ ನಾವೂ ಬೈಯಬಹುದಿತ್ತು.

ಮಾರನೆಯ ದಿನ ಅಮ್ಮ ಕೆಲಸಕ್ಕೆ ಹೋದಾಗ ಹೆಡ್‌ಮಾಸ್ಟರ ಹೆಂಡತಿ ಹಿತ್ತಲ ಬಾಗಿಲಲ್ಲೇ ತಡೆದರಂತೆ. "ಟೇಬಲ್ ಮೇಲೆ ಊಟ ಮಾಡೋಳು ನೀನು. ನಮ್ಮ ಬಚ್ಚಲು ಹೆಂಗೆ ತೊಳೀತೀಯಾ ತಾಯೀ?" ವಾರ ಕಳೆಯುವುದರೊಳಗೆ ಬೀದಿಯ ಎಲ್ಲ ಮನೆಯ ಕೆಲಸವೂ ಹೋಯಿತು. ನಾನು ಸಿಸ್ಟರಮ್ಮನ ಮುಂದೆ ನಿಂತು ಕೇಳಿಯೇಬಿಟ್ಟೆ: "ಕುರ್ಚಿ ಹಾಕ್ದೋರು ನೀವು. ಕೆಲ್ಸ ಹೋಗಿದ್ದು ಅಮ್ಮಂದು."

ಅವರು ವಾದ ಮಾಡಲಿಲ್ಲ. "ಹೌದು ಕಣೇ. ನಿಮ್ಮಮ್ಮ ಬಾಯ್ಬಿಟ್ಟು ಹೇಳಿದ್ಲು. ನಾನು ಕೇಳ್ಲಿಲ್ಲ" ಎಂದರು.

ಆಮೇಲೆ, ಯಾರ ಗೇಟಿನ ಹೊರಗೂ ನಿಂತು ಗೊತ್ತಿಲ್ಲದ ಆ ಹೆಂಗಸು ಮನೆಮನೆಗೂ ಹೋಗಿ ಅಮ್ಮನನ್ನು ಮತ್ತೆ ಕೆಲಸಕ್ಕೆ ಇಟ್ಟುಕೊಳ್ಳಿ ಎಂದು ಕೇಳಿದರು. ಹೆಡ್‌ಮಾಸ್ಟರು, "ತಪ್ಪಾಯ್ತು ಅಂತ ಅವಳು ಒಂದು ಮಾತು ಹೇಳ್ಲಿ, ಸಾಕು" ಎಂದರಂತೆ. ಸಿಸ್ಟರಮ್ಮ ತಲೆ ತಗ್ಗಿಸಿಕೊಂಡು ಅದನ್ನು ಅಮ್ಮನಿಗೆ ತಿಳಿಸಿದರು. ಕೂರಲು ಅಷ್ಟು ಹೆದರಿದ್ದ ಅಮ್ಮ ಕೈಯಲ್ಲಿದ್ದ ಪೊರಕೆ ಕೆಳಗಿಟ್ಟಳು.

"ಏನು ತಪ್ಪು ಮಾಡ್ದೆ ಅಂತ ಹೇಳ್ಲಿ? ಕೂತಿದ್ದಾ?"

ಸಿಸ್ಟರಮ್ಮ ತಮ್ಮ ಮನೆಗೇ ದಿನವಿಡೀ ಕೆಲಸಕ್ಕೆ ಇಟ್ಟುಕೊಂಡರು. ಅಷ್ಟು ಕೆಲಸ ಆ ಮನೆಯಲ್ಲಿ ಇರಲಿಲ್ಲ.

ಮರುವರ್ಷ ಅವರಿಗೆ ಉಸಿರಿನ ಕಾಯಿಲೆ ಜೋರಾಯಿತು. ಬಳ್ಳಿ ಬಗ್ಗಿಸಲು ಬೆರಳಲ್ಲಿ ಕಸುವಿಲ್ಲ. ಮಂಚದ ಮೇಲಿಂದ ಹೇಳಿದರು, ನಾನು ಹೆಣೆದೆ. ಬೀದಿಯವರನ್ನೆಲ್ಲ ಮತ್ತೆ ಕರೆದರು. ಯಾರೂ ಬರಲಿಲ್ಲ. ಮೇಣ ಕರಗಿ ಲೋಟದ ತಳ ಮುಟ್ಟಿದಾಗ ಅಮ್ಮ ಖಾಲಿ ಎಲೆಗಳನ್ನು ಎತ್ತಲು ಹೋದಳು.

"ಎತ್ತಬೇಡ. ಇನ್ನೊಂದ್ಸ್ವಲ್ಪ ಹೊತ್ತು ನೋಡಣ" ಎಂದರು ಸಿಸ್ಟರಮ್ಮ. ಅನ್ನ ಆರಿ ಬಿರುಸಾಗುವವರೆಗೂ ನೋಡಿದೆವು.

ಸಂಕ್ರಾಂತಿಗೆ ಮುಂಚೆಯೇ ತೀರಿಕೊಂಡರು. ಮಣ್ಣಿಗೆ ಇಡೀ ಬೀದಿ ಬಂತು, ಆಳುದ್ದದ ಸೇವಂತಿಗೆ ಹಾರಗಳ ಜೊತೆ. "ನನ್ ಮಗನ್ನ ಬದುಕಿಸಿಕೊಟ್ಟ ತಾಯಿ" ಎಂದು ಹೆಡ್‌ಮಾಸ್ಟರು ಬಿಕ್ಕಿ ಬಿಕ್ಕಿ ಅತ್ತರು. ಅದು ನಾಟಕವಲ್ಲ, ನಾನು ಹತ್ತಿರದಿಂದ ನೋಡಿದ್ದೇನೆ. ಹಿಂದಿರುಗುವಾಗ ಅವರ ಹೆಂಡತಿ ಅಮ್ಮನ ಪಕ್ಕಕ್ಕೆ ಬಂದರು.

"ಆಗಿದ್ದಾಯ್ತು ಬಿಡು. ನಾಳೆಯಿಂದ ಕೆಲ್ಸಕ್ಕೆ ಬಂದ್ಬಿಡಮ್ಮ."

"ಬರ್ತೀನಿ ಕಣಮ್ಮ. ಊಟ ಎಲ್ಲಿ ಹಾಕ್ತೀರಾ?"

ಆಕೆ ಸೆರಗು ಹೊದ್ದುಕೊಂಡು ಮುಂದೆ ನಡೆದರು. ಅಮ್ಮ ಹೋಗಲಿಲ್ಲ. ನನಗೆ ಚಿಂತಾಮಣಿಯ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿ ಸಂಬಳ ಕೈಸೇರುವವರೆಗೆ ನಮ್ಮ ಒಲೆ ಒಂದು ಹೊತ್ತು ಮಾತ್ರ ಉರಿಯಿತು. ಹಾಗೆ ಕೇಳುವ ಬಾಯಿ ಅಮ್ಮನಿಗೆ ಮೊದಲು ಇರಲಿಲ್ಲ. ಸಿಸ್ಟರಮ್ಮ ನಮಗೆ ಬಿಟ್ಟುಹೋದದ್ದು ಅದು, ಅದರ ಜೊತೆಗೇ ಬಂದ ಹಸಿವು ಕೂಡ.