ಚೌಡಿಯ ಎರಡನೇ ಕಾಲ

ನನ್ನ ಓರಗಿತ್ತಿ ಚೌಡೇಶ್ವರಿಯ ವಿಚಾರ ಹೇಳುತ್ತೇನೆ, ಕೇಳಿ. ನನ್ನ ಮೈದುನ ರಾಜೇಂದ್ರನ ಹೆಂಡತಿ. ಊರಿಗೆಲ್ಲ ಚೌಡೇಶ್ವರಿ, ನನಗೆ ಚೌಡಿ. ನಮ್ಮೂರಿಗೆ ಹತ್ತಿರದ ವಿಜಯಪುರದ ಹುಡುಗಿ. ಮದುವೆಯಾಗಿ ದೊಡ್ಡಬಳ್ಳಾಪುರದ ನಮ್ಮ ಮನೆಗೆ ಬಂದಾಗ ಬೀರು ತರಲಿಲ್ಲ, ಮಂಚ ತರಲಿಲ್ಲ, ಒಂದು ಹಾರ್ಮೋನಿಯಂ ಪೆಟ್ಟಿಗೆ ತಂದಳು. ನಮ್ಮತ್ತೆ ಅದನ್ನು ನೋಡಿ, "ಏನವ್ವ ಇದ್ರಲ್ಲಿ, ಒಡವೇನಾ?" ಎಂದು ಕೇಳಿದ್ದನ್ನು ನೆನೆದು ಇವತ್ತಿಗೂ ನಗುತ್ತೇವೆ. ಒಳ್ಳೆಯವರೇ ನಮ್ಮತ್ತೆ, ಆದರೆ ಅವರ ಮುಂದೆ ಕೆಮ್ಮುವುದಕ್ಕೂ ಭಯ. ಇರಲಿ, ಅದು ಬೇರೆ ಕಥೆ.

ಚೌಡಿಯ ಅಪ್ಪನೂ ನಮ್ಮಂತೆ ನೇಕಾರರೇ. ಹಗಲೆಲ್ಲ ಮಗ್ಗ, ಶುಕ್ರವಾರ ಸಂಜೆ ಭಜನೆ ಮಂದಿರದಲ್ಲಿ ಹಾರ್ಮೋನಿಯಂ. ಅಮ್ಮನವರ ಮೇಲಿನ ಒಂದು ಪದಕ್ಕೆ ಅವರೇ ರಾಗ ಕೂರಿಸಿದ್ದರು. ಪದ ಸುಲಭ, ಮಕ್ಕಳೂ ಹಾಡುತ್ತವೆ. ಚರಣ ಮುಗಿದ ಮೇಲೆ ಪೆಟ್ಟಿಗೆಯಲ್ಲಿ ಮಾತ್ರ ನುಡಿಯುವ ಸ್ವರಗಳಿವೆ ನೋಡಿ, ಕಷ್ಟ ಇರುವುದು ಅಲ್ಲಿ. ಮೊದಲು ನಿಧಾನವಾಗಿ ಒಂದು ಸುತ್ತು, ಆಮೇಲೆ ಎರಡನೇ ಕಾಲ. ಅಂದರೆ ಅದೇ ಸ್ವರಗಳು ಇಮ್ಮಡಿ ವೇಗದಲ್ಲಿ ಮೇಲಕ್ಕೆ ಹತ್ತಿ ಇಳಿಯಬೇಕು. ಅವರು ಅದನ್ನು ಕಲಿಸಿದ್ದು ಮಗಳೊಬ್ಬಳಿಗೇ. ಮಗ ಪಾಪಯ್ಯನಿಗೆ ಗಂಟಲಿತ್ತು, ಬೆರಳಿರಲಿಲ್ಲ.

ನಮ್ಮ ಮನೆಗೆ ಬಂದ ಮೇಲೆ ನುಡಿಸುವುದು ಎಲ್ಲಿಂದ ಬಂತು? ಪವರ್‌ಲೂಮಿನ ಕೆಲಸ, ಬಾಣಂತನ, ಹಾಸಿಗೆ ಹಿಡಿದ ಅತ್ತೆಯ ಸೇವೆ. ಪೆಟ್ಟಿಗೆ ಮೂಲೆ ಸೇರಿತು, ಅದರ ಮೇಲೆ ನೂಲಿನ ಉಂಡೆಗಳು ಕೂತವು. ಅವಳ ಅಪ್ಪನೂ ತೀರಿಕೊಂಡರು.

ಹೋದ ವರ್ಷ ಅಣ್ಣ ಪಾಪಯ್ಯನ ಫೋನು ಬಂತು. ವಿಜಯಪುರದ ಭಜನೆ ಮಂದಿರವನ್ನು ಹೊಸದಾಗಿ ಕಟ್ಟಿದ್ದಾರೆ, ಬನದ ಹುಣ್ಣಿಮೆಗೆ ಪ್ರವೇಶ.

"ಅಪ್ಪನ ಪದ ಹಾಡ್ಬೇಕು ಕಣವ್ವ. ಹಾಡಕ್ಕೆ ನಾವೆಲ್ಲ ಇದ್ದೀವಿ. ಆ ಸ್ವರ ಮಾತ್ರ ನಿನ್ನ ಬಿಟ್ರೆ ಯಾರಿಗೂ ಬರಲ್ಲ."

"ನಂಗೂ ಬರಲ್ಲ ಕಣಣ್ಣ. ಮರ್ತೋಗೈತೆ."

"ಹಂಗಾದ್ರೆ ಅಪ್ಪನ ಜೊತೇಲೇ ಅದೂ ಹೋಯ್ತು ಅನ್ಕೋಬೇಕಷ್ಟೆ."

ಆವತ್ತು ಸಾರಿಗೆ ಎರಡು ಸಲ ಉಪ್ಪು ಬಿತ್ತು. ಎಲ್ಲರೂ ನೀರು ಕುಡಿದುಕೊಂಡು ಉಂಡೆವು. ಮಾರನೇ ದಿನ ಚೌಡಿ ಪೆಟ್ಟಿಗೆಯನ್ನು ಈಚೆಗೆ ಎಳೆದಳು. ಗಾಳಿ ಒತ್ತುವ ತಿದಿಯಲ್ಲಿ ಇಲಿ ತೂತು ಮಾಡಿತ್ತು. ರಾಜೇಂದ್ರ ಇಲಿಗಳ ವಂಶವನ್ನೆಲ್ಲ ಬೈದುಕೊಂಡು ತೊಗಲಿನ ಚೂರು ಅಂಟಿಸಿಕೊಟ್ಟ.

ದಿನಾ ಮಧ್ಯಾಹ್ನ ಊಟವಾದ ಮೇಲೆ ಕೂರುವಳು. ನಿಧಾನದ ಸುತ್ತು ಬೇಗ ಕೈಗೆ ಬಂತು. ಎರಡನೇ ಕಾಲದಲ್ಲಿ ಮೇಲಕ್ಕೆ ಹತ್ತುವಾಗ ಹೆಬ್ಬೆರಳು ಮಿಕ್ಕ ಬೆರಳುಗಳ ಕೆಳಗಿಂದ ನುಸುಳಬೇಕಂತೆ, ಅಲ್ಲಿ ತಪ್ಪುತ್ತಿತ್ತು. ತಪ್ಪಿದ ಕೂಡಲೇ ನಿಲ್ಲಿಸಿ ಪದದ ಮೊದಲಿನಿಂದ ಶುರು. ಮತ್ತೆ ಅಲ್ಲೇ ತಪ್ಪು, ಮತ್ತೆ ಮೊದಲಿನಿಂದ. ನಮ್ಮ ಬೀದಿಗೆಲ್ಲ ಪಲ್ಲವಿ ಬಾಯಿಪಾಠವಾಯಿತು. ಎರಡನೇ ಕಾಲ ಮಾತ್ರ ಇದ್ದಲ್ಲೇ ಇತ್ತು.

"ಲೇ, ನಿನ್ ಬಸ್ಸು ಬರೀ ಸ್ಟ್ಯಾಂಡಿಂದ ಹೊರಡ್ತಾನೇ ಐತಲ್ಲೇ, ಊರು ಸೇರೋದು ಯಾವಾಗ?" ಎಂದು ರಾಜೇಂದ್ರ ರೇಗಿಸಿದ.

ಅವಳು ಅತ್ತೇ ಬಿಟ್ಟಳು. ರಾಜೇಂದ್ರನನ್ನು ಗದರಿಸಿ ಕಳಿಸಿ, ಪಕ್ಕದಲ್ಲಿ ಕೂತು ಕೇಳಿದೆ. "ತಪ್ಪಿದ್ ಜಾಗದಿಂದಾನೇ ಎತ್ಕೋಬಾರ್ದೇನೆ?"

"ದೇವ್ರ ಪದ ಕಣಕ್ಕ. ತಪ್ಪಿದ್ ಕಡೆಯಿಂದ ಎತ್ಕೊಂಡ್ರೆ ಎಂಜಲು ಮಾಡ್ದಂಗೆ."

ಎಂಜಲು! ಸುಮ್ಮನೆ ಹೇಳಿದ್ದಲ್ಲ, ನಂಬಿಕೊಂಡಿದ್ದಳು. ನನಗೆ ನಗು ಬಂತು, ಸಿಟ್ಟೂ ಬಂತು.

"ಅಮ್ಮನವ್ರಿಗೆ ಉಡ್ಸಕ್ಕೆ ಸೀರೆ ನೇಯ್ತೀವಲ್ಲ. ಹಾಸಲ್ಲಿ ಎಳೆ ಕಿತ್ರೆ ಸೀರೇನೆಲ್ಲ ಬಿಚ್ತೀಯೇನೆ? ಮಗ್ಗ ನಿಲ್ಸಿ, ಅಲ್ಲೇ ಗಂಟಾಕಿ, ಎರಡೆಳೆ ಹಿಂದಕ್ಕೆ ತಿರುಗ್ಸಿ ಬಿಡ್ತೀಯ. ಆ ಸೀರೇನ ಅಮ್ಮ ಉಟ್ಕೊಳಲ್ವಾ? ಎಂಜಲು ಅಂತ ಬಿಸಾಕ್ತಾಳಾ?"

ಸೆರಗಲ್ಲಿ ಮೂಗು ಒರೆಸಿಕೊಂಡು ಎದ್ದು ಹೋದಳು. ಆದರೆ ಮಾರನೇ ಮಧ್ಯಾಹ್ನ ಪಲ್ಲವಿ ಕೇಳಿಸಲಿಲ್ಲ. ಆ ಹತ್ತುವ ಜಾಗವೊಂದೇ, ಅದಕ್ಕೆ ಎರಡು ಸ್ವರ ಹಿಂದಿನಿಂದ. ಕೇಳುವವರಿಗೆ ತಲೆನೋವು, ಬೀದಿಯವರು ಕಿಟಕಿ ಮುಚ್ಚಿಕೊಂಡರು. ಅವರೆಕಾಯಿ ಕಾಲ ಬಂತು. ಒಂದು ದಿನ ಪಡಸಾಲೆಯಲ್ಲಿ ಅವರೆಕಾಳು ಹಿಸುಕುತ್ತಿದ್ದೆ, ಒಳಗೆ ಸ್ವರಗಳು ಮೇಲಕ್ಕೆ ಹೋಗಿ ತಿರುಗಿ ಕೆಳಕ್ಕಿಳಿದವು. ನನ್ನ ಕೈ ಹಾಗೇ ನಿಂತಿತು. "ಅಕ್ಕಾ, ಕೇಳ್ತಾ?" ಎಂದು ಕೂಗಿದಳು.

ಬನದ ಹುಣ್ಣಿಮೆಗೆ ಎಲ್ಲರೂ ವಿಜಯಪುರಕ್ಕೆ ಹೋದೆವು. ಮಂದಿರದಲ್ಲಿ ಕಾಲಿಡಲು ಜಾಗವಿಲ್ಲ. ಪಾಪಯ್ಯ ಹಾಡಿದ, ಚೌಡಿ ನುಡಿಸಿದಳು. ಎರಡನೇ ಕಾಲದಲ್ಲಿ ಮೇಲೆ ಹೋಗಿ, ಅಯ್ಯೋ, ಬೆರಳು ನಿಂತೇ ಹೋಯಿತು. ಒಂದೇ ಸ್ವರ ಗುಂಯ್ ಎನ್ನುತ್ತಿದೆ. ಅಣ್ಣ ತಂಗಿಯ ಮುಖ ನೋಡಿದ. ನೋಡಿ ಏನೂ ಆಗದವನಂತೆ ಪಲ್ಲವಿಯನ್ನು ಇನ್ನೊಂದು ಸಲ ಎತ್ತಿಕೊಂಡ. ಅವನ ಹಾಡು ಮುಗಿಯುವಷ್ಟರಲ್ಲಿ ಚೌಡಿ ಉಸಿರು ತೆಗೆದುಕೊಂಡು, ಎರಡು ಸ್ವರ ಹಿಂದಿನಿಂದ ಹಿಡಿದು, ಹತ್ತಿ ಇಳಿದಳು. ಪಾಪಯ್ಯ ಕಣ್ಣೊರೆಸಿಕೊಂಡಿದ್ದನ್ನು ನಾನು ನೋಡಿದೆ.

ಊಟಕ್ಕೆ ಏಳುವ ಮುಂಚೆ ಪಾಪಯ್ಯನ ಮಗಳು ಅಕ್ಷತ ಓಡಿ ಬಂದಳು. ಕಾಲೇಜಿನ ಹುಡುಗಿ. "ಅತ್ತೆ, ಫುಲ್ ರೆಕಾರ್ಡ್ ಮಾಡಿದೀನಿ. ತಾತನ ಸ್ವರ ಇನ್ನೆಲ್ಲೂ ಹೋಗಲ್ಲ!"

ಎಲ್ಲರೂ ಫೋನಿನ ಸುತ್ತ ಬಗ್ಗಿದೆವು. ಹುಡುಗಿ ನಿಂತಿದ್ದದ್ದು ತಾಳ ಹಾಕುವವರ ಪಕ್ಕ. ಮೊದಲಿನಿಂದ ಕೊನೆಯವರೆಗೆ ತಾಳದ ಝಣಝಣ, ಅದರ ನಡುವೆ ಯಾರೋ, "ಎಲೆ ಹಾಕಿದ್ರಾ? ಪಾಯಸ ಐತಂತಾ?" ಎಂದು ಕೇಳಿದ್ದು ಮಾತ್ರ ಸ್ಪಷ್ಟ. ಜನ ಬಿದ್ದು ಬಿದ್ದು ನಕ್ಕರು. ಪಾಪಯ್ಯ ನಗಲಿಲ್ಲ.

ಚೌಡಿ ಫೋನನ್ನು ಪಕ್ಕಕ್ಕಿಟ್ಟಳು. "ಕೊಡಿಲ್ಲಿ ಕೈ," ಎಂದು ಹುಡುಗಿಯ ಬಲಗೈ ಎಳೆದು ಪೆಟ್ಟಿಗೆಯ ಮೇಲಿಟ್ಟಳು. ಉದ್ದುದ್ದ ಉಗುರು, ಕೆಂಪು ಬಣ್ಣ. ಪೆಟ್ಟಿಗೆಯ ಬಿಳಿ ಕರಿ ಮನೆಗಳಿಗೆ ಟಕಟಕ ತಾಗಿ ಸ್ವರವೇ ಹೊರಡಲಿಲ್ಲ.

"ಇದನ್ನ ಕತ್ತರಿಸ್ಕೊಂಡು ಭಾನುವಾರ ನಮ್ಮೂರಿಗೆ ಬಾ."

"ಅತ್ತೆ, ಎಷ್ಟು ದಿನದಿಂದ ಬೆಳ್ಸಿದ್ದು ಗೊತ್ತಾ!"

"ಅಪ್ಪ ಕೂರಿಸಿದ್ ಸ್ವರಾನೂ ಒಂದಿನದಲ್ಲಿ ಬೆಳೆದಿದ್ದಲ್ಲ ಕಣೆ."

ಬರುವುದಿಲ್ಲ ಎಂದೇ ನಾನು ಅಂದುಕೊಂಡಿದ್ದೆ. ಭಾನುವಾರ ಬಸ್ಸಿಳಿದು ಬಂದಳು. ಬಲಗೈ ಉಗುರು ಮಾತ್ರ ಬುಡಕ್ಕೆ ಕತ್ತರಿಸಿದ್ದಳು. ತಿದಿ ಒತ್ತುವ ಎಡಗೈಯಲ್ಲಿ ಕೆಂಪು ಉಗುರು ಹಾಗೇ ಮಿರಮಿರ ಎನ್ನುತ್ತಿತ್ತು.