ಕೆಂಪರಾಜುವಿನ ಹೊಗೆ ಪೈಪು

2021ರ ಡಿಸೆಂಬರ್ ತಿಂಗಳು. ಶ್ರೀರಂಗಪಟ್ಟಣದ ಹಳೆ ಹೆದ್ದಾರಿ ಪಕ್ಕದಲ್ಲಿದ್ದ ಫ್ಯಾಬ್ರಿಕೇಷನ್ ಶೆಡ್ಡನ್ನು ಆಗ ನಾನೇ ನಡೆಸುತ್ತಿದ್ದೆ. ಲಾರಿ ಚಾಸಿಗೆ ಬೆಸುಗೆ ಹಾಕುವುದು, ಟ್ರೈಲರ್ ಕಟ್ಟುವುದು, ಸೈಲೆನ್ಸರ್ ಕೆಲಸ, ಇವು ನನ್ನ ಕಸುಬು. ಪಾಂಡವಪುರದ ಕಡೆ ಕಬ್ಬು ಹೊರುವ ಹಲವು ಗಾಡಿಗಳಿಗೆ ಮೇಲ್ಮುಖವಾಗಿ ಹೊಗೆ ಪೈಪು ಕೂರಿಸಿದ್ದೆ. ಆ ಕೆಲಸಕ್ಕೆ ಸಾಬರ ಶೆಡ್ಡಿಗೇ ಹೋಗಬೇಕು ಎಂದು ಡ್ರೈವರ್‌ಗಳು ಹೇಳುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ನನಗೆ ಹೆಮ್ಮೆಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಆ ಮಾತು ಕೇಳಿಯೇ ಕೆಂಪರಾಜು ಬಂದದ್ದು. ಸಂತೆಬಾಚಹಳ್ಳಿ ಹತ್ತಿರದ ಒಂದು ಹಳ್ಳಿಯವನು. ವಯಸ್ಸು ನಲವತ್ತರ ಆಸುಪಾಸು, ಅಚ್ಚುಕಟ್ಟಾದ ಇಸ್ತ್ರಿ ಬಟ್ಟೆ, ನಗುಮುಖ. ಅವನ ಹತ್ತಿರ ಒಂದು ಹಳೆಯ ಡೀಸೆಲ್ ಟೋಯಿಂಗ್ ಗಾಡಿ ಇತ್ತು. ನಾಗಮಂಗಲ, ಕೆ.ಆರ್.ಪೇಟೆ ರಸ್ತೆಗಳಲ್ಲಿ ಕೆಟ್ಟು ನಿಂತ, ಮಗುಚಿಬಿದ್ದ ವಾಹನಗಳನ್ನು ಎಳೆದು ತರುವುದು ಅವನ ಕೆಲಸ. ಹಿಂದಿನ ವಾರವಷ್ಟೇ ಗಾಡಿಯ ಹೊಟ್ಟೆಗೆ ಬೆಂಕಿ ಹತ್ತಿತ್ತು.

ಆ ಕಡೆ ಓಡಾಡಿದವರಿಗೆ ಕಾರಣ ಹೇಳಬೇಕಾಗಿಲ್ಲ. ಹುರುಳಿ ಕಿತ್ತ ಮೇಲೆ ಕಣ ಮಾಡುವ ಗೋಜಿಗೆ ಹೋಗದೆ ಗಿಡಗಳನ್ನು ಟಾರು ರಸ್ತೆಗೇ ಹರಡಿಬಿಡುತ್ತಾರೆ. ಬರುವ ಹೋಗುವ ಗಾಡಿಗಳ ಚಕ್ರವೇ ಬಿಟ್ಟಿಯಾಗಿ ಒಕ್ಕಣೆ ಮಾಡಿಕೊಡುತ್ತದೆ. ಒಣಗಿದ ಬಳ್ಳಿ ಆಕ್ಸಲ್ಲಿಗೆ ಸುತ್ತಿಕೊಂಡು, ಕಾದ ಸೈಲೆನ್ಸರ್‌ಗೆ ತಗುಲಿ ಹೊತ್ತಿಕೊಳ್ಳುತ್ತದೆ. ಪ್ರತಿ ವರ್ಷ ಒಂದೆರಡು ಗಾಡಿ ಹೀಗೆ ಸುಟ್ಟುಹೋಗುತ್ತವೆ, ಆದರೂ ಯಾರೂ ಬಿಟ್ಟಿಲ್ಲ.

"ಸಾಬ್ರೆ, ಇನ್ನೊಂದ್ ಸಲ ಇಂಗಾದ್ರೆ ಗಾಡಿ ಬೂದಿ ಆಗೋಯ್ತದೆ. ಪೈಪ್ನ ಮ್ಯಾಕ್ಕೆ ಎತ್ಬುಡಿ," ಎಂದ ಕೆಂಪರಾಜು.

ನ್ಯಾಯವಾದ ಬೇಡಿಕೆ. ನಾನು ಒಪ್ಪಿಕೊಂಡೆ. ಅವನು ಗಾಡಿಯಿಂದ ಒಂದು ಸರ್ವೆ ಮರದ ಕೋಲು ಇಳಿಸಿದ. ತುದಿಯ ಹತ್ತಿರ ಕೆಂಪು ಬಣ್ಣದಲ್ಲಿ ಗೆರೆ ಎಳೆದಿತ್ತು. ಪೈಪಿನ ಬಾಯಿ ಸರಿಯಾಗಿ ಆ ಗೆರೆಗೆ ಬರಬೇಕು, ಒಂದಿಂಚು ಮೇಲೂ ಬೇಡ, ಕೆಳಗೂ ಬೇಡ ಎಂದ. ನಿಲ್ಲಿಸುವ ಕಡೆ ಸೂರು ತಗಲುತ್ತದೇನೋ ಎಂದುಕೊಂಡೆ. ಗಿರಾಕಿ ಅಳತೆ ತಂದರೆ ನಮಗೆ ಸಂತೋಷವೇ ಅಲ್ಲವೇ.

ಕೆಲಸ ಎರಡು ದಿನ ಹಿಡಿಯಿತು. ಎಂಜಿನ್ ಅಲುಗಾಡುತ್ತದೆ, ಚಾಸಿಗೆ ಬಿಗಿದ ಪೈಪು ಅಲುಗಾಡುವುದಿಲ್ಲ. ಎರಡರ ನಡುವೆ ಫ್ಲೆಕ್ಸಿಬಲ್ ಜೋಡಣೆ ಕೊಡದಿದ್ದರೆ ಬೆಸುಗೆ ತಿಂಗಳೊಳಗೆ ಸೀಳುತ್ತದೆ. ಪೈಪಿನ ಸುತ್ತ ಕೈ ಸುಡದಂತೆ ಜಾಲರಿ ಕಟ್ಟಬೇಕು. ಮಳೆ ನೀರು ಒಳಗೆ ನಿಲ್ಲದಂತೆ ಬುಡದಲ್ಲಿ ಸಣ್ಣ ತೂತು ಬಿಡಬೇಕು. ಎಲ್ಲವನ್ನೂ ಮಾಡಿದೆ. ಕೊನೆಗೆ ಬಾಯಿಗೆ ಬಗ್ಗು, ಅಂದರೆ ಬಾಗಿದ ತುಂಡು, ಕೂರಿಸುವಾಗ ಅವನು ಅದನ್ನು ಎಡಕ್ಕೆ ತಿರುಗಿಸಲು ಹೇಳಿದ.

ಆಗುವುದಿಲ್ಲ ಎಂದೆ. ಹೊಗೆ ಕೆಳಕ್ಕೆ ಬೀಳಬಾರದು, ಗಾಡಿಯ ಎಡಕ್ಕೂ ಹೋಗಬಾರದು, ಹಿಂದಕ್ಕೆ ಇಲ್ಲವೇ ಬಲಕ್ಕೆ ಹೋಗಬೇಕು ಎಂಬುದು ವಾಹನ ನಿಯಮ. ಎಡಕ್ಕೆ ಜನ ನಡೆಯುತ್ತಾರೆ, ಬಸ್ಸಿಗೆ ಕಾಯುತ್ತಾರೆ, ಅವರ ಮುಖಕ್ಕೆ ಹೊಗೆ ಹೊಡೆಯಬಾರದೆಂದು ಮಾಡಿದ ನಿಯಮ. ಹಿಂದಕ್ಕೆ ಇಡುತ್ತೇನೆ ಎಂದರೆ ಅವನು ಒಪ್ಪಲಿಲ್ಲ. ಒಂದು ಗಳಿಗೆ ಯೋಚಿಸಿ ನಕ್ಕುಬಿಟ್ಟ.

"ಬಲಕ್ಕೇ ಮಡಗಿ ಸಾಬ್ರೆ. ಗಾಡಿನೇ ತಿರುಗ್ಸಿ ನಿಲ್ಲಿಸ್ಕಂಡ್ರಾಯ್ತು."

ಅದರಲ್ಲಿ ನಗುವಂಥದ್ದೇನಿದೆ ಎಂದು ತಿಳಿಯದೆ ನಾನೂ ನಕ್ಕೆ.

ಫೆಬ್ರುವರಿಯಲ್ಲಿ ಅವನ ಫೋನ್ ಬಂತು. ಎಂಜಿನ್ ಸ್ಟಾರ್ಟ್ ಆದ ಕೂಡಲೇ ನಿಲ್ಲುತ್ತಿದೆ, ನಿಮ್ಮ ಕೆಲಸದಲ್ಲೇ ಏನೋ ದೋಷವಿದೆ, ಬಂದು ನೋಡಿ ಎಂದ. ನನ್ನ ಕೆಲಸಕ್ಕೆ ಹೆಸರಿಟ್ಟರೆ ನನಗೆ ತಡೆಯುವುದಿಲ್ಲ. ಸಾಮಾನು ಕಟ್ಟಿಕೊಂಡು ಬೆಳಗ್ಗೆಯೇ ಹೊರಟೆ.

ಒಂದೇ ಅಂಗಳಕ್ಕೆ ಎರಡು ಮನೆತನ. ಹಿಂದೆ ಕೆಂಪರಾಜುವಿನ ಮನೆ. ಮುಂದೆ, ರಸ್ತೆಗೆ ತಾಗಿದಂತೆ, ತೀರಿಕೊಂಡ ಅವನ ಅಣ್ಣನ ಪಾಲು: ಒಂದು ಚಿಕ್ಕ ಮನೆ, ಪಕ್ಕದಲ್ಲಿ ರೇಷ್ಮೆ ಸಾಕುವ ಹುಳುಮನೆ. ಅಲ್ಲಿ ಅತ್ತಿಗೆ ಸಾವಿತ್ರಮ್ಮ ಇಬ್ಬರು ಹೆಣ್ಣುಮಕ್ಕಳೊಂದಿಗೆ ಇದ್ದರು. ಆ ಹುಳುಗಳೇ ಅವರ ಅನ್ನ. ನಡುವಿನ ಅಂಗಳ ಇಬ್ಬರಿಗೂ ಸೇರಿದ್ದು. ಟೋಯಿಂಗ್ ಗಾಡಿ ಅಲ್ಲಿ ತನ್ನ ಬಲ ಮಗ್ಗುಲನ್ನು ಹುಳುಮನೆಗೆ ಒತ್ತಿಕೊಂಡು ನಿಂತಿತ್ತು.

ಮೊದಲು ಫ್ಲೆಕ್ಸಿಬಲ್ ಜೋಡಣೆ ಬಿಚ್ಚಿ ಎಂಜಿನ್ ಚಾಲೂ ಮಾಡಿಸಿದೆ. ಚೆನ್ನಾಗಿ ಓಡಿತು. ಅಂದರೆ ಪೈಪು ಕಟ್ಟಿಕೊಂಡಿದೆ. ಅದನ್ನು ಇಳಿಸಿ ಸಲಾಕೆ ಹಾಕಿ ಎಳೆದೆ. ಒದ್ದೆ ಗೋಣಿ ಬಂತು, ಸುಣ್ಣದ ಮುದ್ದೆ ಬಂತು, ಅದರ ಹಿಂದೆ ಕಪ್ಪಗೆ ಕೊಳೆತ ರೇಷ್ಮೆ ಹುಳುಗಳು ರಾಶಿ ರಾಶಿಯಾಗಿ ಬಂದವು. ಆ ನಾತಕ್ಕೆ ಮೂಗು ಮುಚ್ಚಿಕೊಂಡೆ. ತಲೆ ಎತ್ತಿ ನೋಡಿದರೆ, ಪೈಪಿನ ಬಾಯಿ ಇದ್ದ ಎತ್ತರಕ್ಕೆ ಸರಿಯಾಗಿ ಹುಳುಮನೆಯ ಗಾಳಿಕಿಂಡಿ. ಅದರ ನೈಲಾನ್ ಪರದೆ ಹರಿದಿತ್ತು. ಸರ್ವೆ ಕೋಲಿನ ಕೆಂಪು ಗೆರೆ ಯಾವುದರ ಅಳತೆ ಎಂದು ಆಗ ತಿಳಿಯಿತು.

ಸಾವಿತ್ರಮ್ಮ ಬಾಗಿಲಲ್ಲಿ ನಿಂತಿದ್ದರು. "ನಾನೇ ಪರದೆ ಹರ್ದು ತುರುಕ್ದೋಳು ಕಣಣ್ಣ. ನಾಕ್ನೇ ಜ್ವರ ಎದ್ದು ಸೊಪ್ಪು ತಿಂತಿದ್ವು, ಇನ್ನೊಂದ್ ವಾರಕ್ಕೆ ಗೂಡು ಕಟ್ಟವು. ಅವನ ಹೊಗೆ ತಿಂದ್ ಸತ್ವು. ಅವನ ಪೈಪ್ಗೇ ಮಣ್ಣು ಮಾಡ್ದೆ."

ಹುಳು ಪೊರೆ ಬಿಡಲು ಮಂಕಾಗಿ ಕೂರುವುದನ್ನು ಸಾಕುವವರು ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿತೆಂದರೆ ಬೆಳೆ ಕೈಗೆ ಬಂದಂತೆ. ಅಂಥ ಹೊತ್ತಿನಲ್ಲಿ ಕೆಂಪರಾಜು ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ಎಂಜಿನ್ ಹಾಕಿದರೆ, ಮಕ್ಕಳು ಸ್ಕೂಲಿಗೆ ಹೊರಡುವವರೆಗೂ ಆರಿಸುತ್ತಿರಲಿಲ್ಲವಂತೆ.

ನಾನು ಬಾಗಿಲಲ್ಲೇ ನಿಂತೆ. ಹುಳುಮನೆಯ ಶಿಸ್ತು ನನಗೂ ಗೊತ್ತು. "ಬೀಡಿ ಸೇದಿದ್ರೆ ಒಳಿಕ್ಕೆ ಬರ್ಬ್ಯಾಡಿ ಅಂತ ಎಲ್ರುಗೂ ಯೋಳ್ತಿದ್ದೆ," ಎಂದರು ಸಾವಿತ್ರಮ್ಮ. "ಈಗ ಬನ್ನಿ. ಯಾರ್ ಬಂದ್ರೇನು."

ಒಳಗೆ ತಟ್ಟೆಯ ಮೇಲೆ ತಟ್ಟೆ. ಕೆಲವು ಹುಳು ಇನ್ನೂ ಜೀವ ಹಿಡಿದುಕೊಂಡಿದ್ದವು, ತಲೆ ಎತ್ತಿ ಹಸಿರು ನೀರು ಕಕ್ಕುತ್ತಿದ್ದವು. ಕಿರಿಯ ಮಗಳು ಅವನ್ನು ಒಂದೊಂದಾಗಿ ಆರಿಸಿ ಬೇರೆ ತಟ್ಟೆಗೆ ಇಡುತ್ತಿದ್ದಳು. ಉಳಿಯುವುದಿಲ್ಲವೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ನನಗೆ ಬಂದ ಸಿಟ್ಟನ್ನು ಈಗಲೂ ಹೇಳಿ ಮುಗಿಸಲಾರೆ. ಹೊರಗೆ ಬಂದು, ಅಷ್ಟು ಹೊತ್ತು ಎಂಜಿನ್ ಓಡಿಸುವುದು ಯಾಕೆ ಎಂದು ಕೆಂಪರಾಜುವನ್ನು ನಿಲ್ಲಿಸಿ ಕೇಳಿದೆ.

"ಬ್ರೇಕ್ಗೆ ಗಾಳಿ ತುಂಬ್ಬೇಕಲ್ಲ ಸಾಬ್ರೆ," ಎಂದ.

ಇಂಥ ಗಾಡಿಗಳ ಬ್ರೇಕು ಗಾಳಿಯ ಒತ್ತಡದಿಂದ ಹಿಡಿಯುವುದು ನಿಜ, ಟ್ಯಾಂಕ್ ತುಂಬುವವರೆಗೆ ಎಂಜಿನ್ ಓಡಬೇಕು. ಅದಕ್ಕೆ ಹತ್ತು ನಿಮಿಷ ಸಾಕು. ಅದನ್ನೇ ಹೇಳಿದೆ. ಅವನು ದನಿ ಏರಿಸಲಿಲ್ಲ.

"ನಮ್ ಗಾಡಿ, ನಮ್ ಅಂಗಳ. ಬಾಯಿ ರೂಲ್ಸ್ ಪ್ರಕಾರ ಬಲಕ್ಕೇ ಅದೆ, ನೀವೇ ಅಲ್ವಾ ಮಡಗಿದ್ದು? ಮುಂದಿನ ಜಾಗ ಬುಟ್ಕೊಡು, ಎಳ್ಕಂಬಂದ ಗಾಡಿ ನಿಲ್ಸಕ್ಕೆ ಬೇಕು ಅಂತ ಮೂರ್ ವರ್ಷದಿಂದ ಕೇಳ್ತಾವ್ನಿ. ಬಾಯ್ಮಾತಲ್ಲಿ ಕೇಳಿದ್ರೆ ಕೇಳ್ನಿಲ್ಲ."

ಬಗ್ಗು ಕತ್ತರಿಸಿ ಹೊಗೆ ನೆಟ್ಟಗೆ ಮೇಲಕ್ಕೆ ಹೋಗುವಂತೆ ಮಾಡಿದರೆ ಮಾತ್ರ ಪೈಪು ಜೋಡಿಸುತ್ತೇನೆ ಎಂದೆ. ಅವನು ನಕ್ಕ. "ನಾಗಮಂಗಲದಲ್ಲಿ ವೆಲ್ಡಿಂಗ್ ಮಾಡೋರು ಸತ್ತೋಗವ್ರಾ?"

ಹಾಗೇ ಆಯಿತು. ಮಾರನೆಯ ದಿನ ಬೇರೆ ಯಾರೋ ಬಂದು ನನ್ನ ಪೈಪನ್ನು ಇದ್ದಂತೆಯೇ ಕೂರಿಸಿದರು. ಸಾವಿತ್ರಮ್ಮನ ಕೈ ಮತ್ತೆ ಹೋಗದಂತೆ ಬಾಯಿಗೆ ಕಬ್ಬಿಣದ ಜಾಲರಿಯನ್ನೂ ಹಾಕಿಕೊಟ್ಟರು. ಆಕೆ ಊರಿನ ಹಿರಿಯರನ್ನು ಸೇರಿಸಿದರು, ನಾನೂ ಸಾಕ್ಷಿ ಹೇಳಲು ಹೋದೆ. ಹಿರಿಯರು ಗಾಡಿಯನ್ನು ಸುತ್ತಿ ನೋಡಿದರು. ಅಂಗಳ ಇಬ್ಬರದ್ದೂ ಹೌದು, ಪೈಪು ನಿಯಮದಂತೆ ಇರುವುದೂ ಹೌದು ಎಂದು ನನ್ನ ಬಾಯಿಂದಲೇ ಹೇಳಿಸಿಕೊಂಡರು. ಗೆರೆ ಎಳೆದ ಕೋಲಿನ ವಿಷಯ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಒಬ್ಬರು, "ಒಂದ್ಕಂಡೋಗವ್ವ, ಮೈದ್ನ ಅಲ್ವಾ," ಎಂದು ಟವೆಲ್ ಕೊಡವಿ ಎದ್ದರು. ಸಾವಿತ್ರಮ್ಮ ಕಿಂಡಿಗಳಿಗೆಲ್ಲ ಪ್ಲಾಸ್ಟಿಕ್ ಹೊಡೆದು ಇನ್ನೊಂದು ಬೆಳೆ ಇಟ್ಟರು. ಹುಳುವಿಗೆ ಗಾಳಿಯೂ ಬೇಕು. ಆ ಬೆಳೆ ಸೆಕೆಗೆ ಹೋಯಿತು.

ಮುಂದಿನ ಹುರುಳಿ ಕಾಲಕ್ಕೆ ಟೋಯಿಂಗ್ ಗಾಡಿ ಮತ್ತೆ ನನ್ನ ಶೆಡ್ಡಿನ ಮುಂದೆ ಬಂದು ನಿಂತಿತು. ಏನೂ ನಡೆದೇ ಇಲ್ಲವೆಂಬಂತೆ ಕೆಂಪರಾಜು ಇಳಿದು ಬಂದ.

"ಸಾಬ್ರೆ, ಬಾಯಿ ಇಂದಕ್ಕೆ ತಿರುಗ್ಸಿ. ಗೇಟ್ ಹಾಕ್ಸಿದೀನಿ, ಗಾಡಿ ಒಂದೇ ಕಡೆಯಿಂದ ಬರ್ಬೇಕು. ಹೊಗೆ ನಮ್ಮನೆ ಅಡಿಗೆಕ್ವಾಣೆಗೇ ನುಗ್ತದೆ."

"ಹುಳುಮನೆ?" ಎಂದೆ.

"ಕೆಡವುಸ್ದೆ. ಅತ್ತಿಗೆ ಜಾಗ ಬರ್ಕೊಟ್ಬುಟ್ಟು ಅಕ್ಕಿಹೆಬ್ಬಾಳ್ಗೆ ವೊಂಟೋದ್ಲು, ತವರಿಗೆ. ಪೈಪ್ನ ಕೆಲ್ಸ ಮುಗೀತು ಬುಡಿ." ನನ್ನ ಭುಜದ ಮೇಲೆ ಕೈಯಿಟ್ಟು ಹೇಳಿದ: "ಒಳ್ಳೆ ಕೆಲ್ಸ ಮಾಡ್ಕೊಟ್ರಿ."

ಆ ಕೈ ಕೊಡವಿ ಅವನನ್ನು ವಾಪಸು ಕಳಿಸಿದೆ. ಅದರಿಂದ ಯಾರಿಗೂ ಏನೂ ಒಳ್ಳೆಯದಾಗಲಿಲ್ಲ.

ಈಗ ಶೆಡ್ಡನ್ನು ನನ್ನ ತಮ್ಮನ ಮಗ ನೋಡಿಕೊಳ್ಳುತ್ತಾನೆ. ಅವನಿಗೆ ಒಂದು ಮಾತು ಹೇಳಿಕೊಟ್ಟಿದ್ದೇನೆ: ಹೊಗೆ ಪೈಪು ಕೇಳಿ ಬಂದವರ ಗಾಡಿ ಎಲ್ಲಿ ನಿಲ್ಲುತ್ತದೆ ಎಂದು ಹೋಗಿ ನೋಡದೆ ಕಬ್ಬಿಣ ಕತ್ತರಿಸಬೇಡ. ನಿಯಮದಲ್ಲಿ ಗಾಡಿಯ ಎಡಬಲ ಮಾತ್ರ ಇರುತ್ತದೆ, ಪಕ್ಕದ ಮನೆಯ ಕಿಟಕಿ ಇರುವುದಿಲ್ಲ. ಅವನು ನೋಡಲು ಹೊರಟರೆ ಅರ್ಧ ಗಿರಾಕಿಗಳು ನಕ್ಕು ಬೇರೆ ಕಡೆ ಹೋಗುತ್ತಾರೆ. ಆದರೂ ಈ ಕೆಲಸಕ್ಕೆ ಜನ ಬರುವುದು ನಿಂತಿಲ್ಲ. ಯಾರು ಹೇಳಿ ಕಳಿಸಿದರು ಎಂದು ಕೇಳಿದರೆ, ಕೆ.ಆರ್.ಪೇಟೆ ಕಡೆಯಿಂದ ಬಂದವರು ಹೇಳುವ ಹೆಸರು ಒಂದೇ, ಕೆಂಪರಾಜು.