ಗೆಳತಿಯ ಹೆಸರು, ಜಾಲತಾಣದ ಬೆಲೆ

ಅವ್ವನ ಗಂಟಲಿನ ಆಪರೇಶನ್ನಿಗೆ ಮುಂಚಿನ ವಾರಗಳಲ್ಲಿ ನಾನು ದಿನಾ ಸಂಜೆ ಖಾಸಬಾಗದ ಸೈಬರ್ ಕೆಫೆಗೆ ಹೋಗುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನನ್ನ ವಯಸ್ಸಿನವರೆಲ್ಲ ಒಂದು ಜಾಲತಾಣದಲ್ಲಿ ಹೆಸರು, ಫೋಟೊ ಹಾಕಿಕೊಂಡು ಹಳೆಯ ಗೆಳೆಯರನ್ನು ಹುಡುಕುತ್ತಿದ್ದ ಕಾಲ. ನಾನು ಹುಡುಕುತ್ತಿದ್ದುದು ಅವ್ವನ ಗೆಳತಿಯನ್ನು.

ಗಂಟು ತೆಗೆಯಲೇಬೇಕು, ಆದರೆ ಧ್ವನಿ ಉಳಿಯುತ್ತದೆಂಬ ಖಾತ್ರಿ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಅವ್ವ ಅಳಲಿಲ್ಲ. ಮನೆಗೆ ಬಂದು ಕಾಲು ತೊಳೆದುಕೊಂಡು, ಚಹಾ ಕುಡಿದು, ಆಮೇಲೆ ಅಂದಳು: "ದನಿ ಹೋಗೂದ್ರಾಗ ಆಕಿ ಜೋಡಿ ಒಮ್ಮೆ ಮಾತಾಡಬೇಕವಾ."

ಆಕೆ ಎಂದರೆ ಖಾನಾಪುರದಲ್ಲಿ ಅವ್ವನ ತವರಿನ ಪಕ್ಕದ ಮನೆಯ ಮರಾಠಿ ಹುಡುಗಿ. ಇಬ್ಬರೂ ಒಟ್ಟಿಗೆ ಮಲಪ್ರಭೆಗೆ ಬಟ್ಟೆ ಒಗೆಯಲು ಹೋಗುತ್ತಿದ್ದರು. ಅವಳು ಮರಾಠಿಯಲ್ಲಿ ಬೈದರೆ ಅವ್ವ ಕನ್ನಡದಲ್ಲಿ ತಿರುಗಿ ಬೈಯುತ್ತಿದ್ದಳಂತೆ. ರತ್ನಾಗಿರಿಯ ಕಡೆ ಅವಳ ಮದುವೆಯಾದಾಗ ಅವ್ವ ನನ್ನನ್ನು ಹೆತ್ತು ಬಾಣಂತಿಯಾಗಿದ್ದಳು, ಹೋಗಲಾಗಲಿಲ್ಲ. ಮುಂದೆ ಅವಳ ತವರಿನವರೂ ಮನೆ ಮಾರಿ ಎತ್ತಲೋ ಹೋದರು.

ಅವ್ವ ಹೇಳಿದ ಹೆಸರನ್ನು ನಾನು ಟೈಪ್ ಮಾಡುತ್ತಿದ್ದೆ. ಆ ಹೆಸರಿನ ಎಷ್ಟೋ ಮಂದಿ ಬರುತ್ತಿದ್ದರು, ಹೆಚ್ಚಿನವರು ನನಗಿಂತ ಚಿಕ್ಕವರು. ಮನೆಗೆ ಬಂದಾಗ ಅವ್ವ ಮೊದಲು ನನ್ನ ಮುಖ ನೋಡುತ್ತಿದ್ದಳು.

ಒಂದು ಸಂಜೆ ಕೆಫೆಯ ಮಾಲೀಕರು ಪೇಪರ್ ಹಿಡಿದುಕೊಂಡು, ಶಹಾಪುರದಲ್ಲಿ ಮಗ್ಗ ನಡೆಸುವ ಗಿರಾಕಿಯೊಬ್ಬನೊಂದಿಗೆ ವಾದಕ್ಕಿಳಿದಿದ್ದರು. ಇಂಥದೇ ಒಂದು ಜಾಲತಾಣಕ್ಕೆ ಯಾರೋ ಸಾವಿರಾರು ಕೋಟಿ ಬೆಲೆ ಕಟ್ಟಿದ್ದರಂತೆ.

"ಅಂಗಡಿ ಇಲ್ಲ, ಗೋದಾಮ ಇಲ್ಲ. ಒಂದು ಸೀರಿಯರೆ ನೇದಾರೇನ್ರಿ ಅವರು?" ಎಂದ ಗಿರಾಕಿ.

"ಮಂದಿ ಹೆಸರು ಅದಾವಲ್ಲೋ ಅದರಾಗ. ಅದs ಮಾಲು," ಎಂದರು ಮಾಲೀಕರು.

"ಹಂಗಾರ ನಮ್ಮ ವಾರ್ಡಿನ ಓಟರ್ ಲಿಸ್ಟ್ ಕೊಡಸ್ತೀನಿ, ಅದಕ್ಕೂ ಒಂದು ರೇಟ್ ಹಚ್ಚಂತ ಹೇಳ್ರಿ!"

ಕುಳಿತವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಅಷ್ಟು ಹೆಸರುಗಳಲ್ಲಿ ನನಗೆ ಬೇಕಾದ ಒಂದು ಇರಲಿಲ್ಲ.

ಅದೇ ವಾರ ಅಪ್ಪನ ಅಕ್ಕ, ನಮ್ಮ ಅತ್ತೆ, ಅವ್ವನನ್ನು ನೋಡಲು ಬಂದಳು. ಯಾವ ಹೆಸರಿನಿಂದ ಹುಡುಕುತ್ತಿದ್ದೀ ಎಂದು ಕೇಳಿ, ನಾನು ಹೇಳಿದ್ದೇ ಹಣೆ ಬಡಿದುಕೊಂಡಳು.

"ಹುಚ್ಚಿ! ಲಗ್ನದಾಗ ಆಕಿ ಗಂಡ ತಾಟಿನಾಗಿನ ಅಕ್ಕಿ ಮ್ಯಾಲ ಹೊಸಾ ಹೆಸರು ಬರದಿರತಾನ. ನಿಮ್ಮವ್ವಗರೆ ತವರಮನಿ ಹೆಸರು ಉಳದೈತೇನು?"

ಅವ್ವ ಸೋಸುತ್ತಿದ್ದ ಮೆಂತ್ಯದ ಸೊಪ್ಪನ್ನು ಕೈಯಲ್ಲಿ ಹಿಡಿದು ಹಾಗೇ ಕುಳಿತಳು. ಅವಳದೂ ಅಕ್ಕಿಯ ಮೇಲೆ ಬದಲಾದ ಹೆಸರೇ. ಆದರೂ ಗೆಳತಿ ಮಾತ್ರ ಅವಳ ಮನಸ್ಸಿನಲ್ಲಿ ಹೊಳೆಯ ದಂಡೆಯ ಹುಡುಗಿಯಾಗಿಯೇ ಉಳಿದಿದ್ದಳು.

"ಆಕೀನೂ ನನ್ನ ಹಳೇ ಹೆಸರು ಹಿಡದs ಹುಡಕಿರತಾಳ," ಎಂದಳು.

ಆ ಜಾಲತಾಣದಲ್ಲಿ ಖಾನಾಪುರದವರದೇ ಒಂದು ಗುಂಪಿತ್ತು. ಮರುದಿನ ಅಲ್ಲಿ ಇಬ್ಬರ ತವರಿನ ಹೆಸರನ್ನೂ ಅವರ ಓಣಿಯನ್ನೂ ಬರೆದು, ಅವ್ವನ ಈ ಗೆಳತಿ ನಿಮ್ಮಲ್ಲಿ ಯಾರ ತಾಯಿ ಎಂದು ಕೇಳಿದೆ. ಕೆಲವು ದಿನಗಳಲ್ಲಿ ಪುಣೆಯ ಹುಡುಗನೊಬ್ಬ ಇಂಗ್ಲಿಷ್ ಅಕ್ಷರದ ಮರಾಠಿಯಲ್ಲಿ ಉತ್ತರಿಸಿದ. ಹೊಳೆಯಲ್ಲಿ ನನ್ನ ಹೊಸ ಲಂಗವನ್ನು ತೇಲಿಬಿಟ್ಟವಳು ನಿನ್ನ ಅವ್ವನೇ ಏನು ಎಂದು ಅವನ ಆಯಿ, ಅಂದರೆ ತಾಯಿ, ಕೇಳುತ್ತಿದ್ದಳು.

"ನಾ ಎಲ್ಲಿ ಬಿಟ್ಟೆ? ಅದs ಹೋತು," ಎಂದು ಅವ್ವ ನನ್ನ ಮೇಲೆಯೇ ರೇಗಿದಳು. ಕಣ್ಣು ತುಂಬಿತ್ತು.

ಆಪರೇಶನ್ನಿನ ಹಿಂದಿನ ದಿನ ನಾನು ಕೊಟ್ಟ ನಂಬರಿಗೆ ಆ ಗೆಳತಿಯ ಫೋನ್ ಬಂತು. ಅವಳ ದನಿ ಎಷ್ಟು ದೊಡ್ಡದೆಂದರೆ ಬಾಗಿಲಲ್ಲಿ ಕುಳಿತ ನನಗೂ ಕೇಳುತ್ತಿತ್ತು. "ಏ, ನಿನ್ನ ಬಾಯಿ ಬಂದ್ ಮಾಡತಾರಂತ? ಇನ್ನರೆ ನನಗ ಮಾತಾಡಾಕ ಪಾಳಿ ಬರತೈತಿ ನೋಡು." ಅವ್ವ ಕೆಮ್ಮು ಬರುವ ತನಕ ನಕ್ಕಳು. ಏನು ಹೇಳಬೇಕೆಂದಿದ್ದಳೋ, ಅವ್ವ ಅದಾವುದನ್ನೂ ಹೇಳಲಿಲ್ಲ. ಗೆಳತಿಯ ಹಳೆಯ ಹೆಸರನ್ನು ಮಾತ್ರ ಮತ್ತೆ ಮತ್ತೆ ಕರೆದಳು. ಆ ಹೆಸರಿನಿಂದ ಕರೆಯುವವರು ತನಗೆ ಬೇರೆ ಯಾರೂ ಉಳಿದಿಲ್ಲ ಎಂದು ಆ ಕಡೆಯಿಂದ ಅವಳು ಅಳುತ್ತಿದ್ದಳು.

ಅವ್ವನ ದನಿ ಮರಳಲಿಲ್ಲ, ಬರೀ ಉಸಿರು ಬರುತ್ತಿತ್ತು. ಮುಂದೆ ಆ ಜಾಲತಾಣವೂ ಮುಚ್ಚಿಹೋಯಿತು. ಅದರ ಬೆಲೆ ಕಟ್ಟಲು ನನಗೆ ಈಗಲೂ ಬಾರದು. ಇಬ್ಬರು ಗೆಳತಿಯರೂ ಅದರಲ್ಲಿ ಹೆಸರು ಹಾಕಿಕೊಂಡಿರಲಿಲ್ಲ. ಗೆಳೆಯರ ಫೋಟೊ ನೋಡಲು ಸೇರಿದ್ದ ಹುಡುಗನೊಬ್ಬ ನನ್ನ ಪ್ರಶ್ನೆಯನ್ನು ತನ್ನ ತಾಯಿಯ ತನಕ ಒಯ್ದಿದ್ದ, ಅಷ್ಟೇ.

ಆಪರೇಶನ್ ಆದ ಮೇಲೂ ಪ್ರತಿ ರವಿವಾರ ಗೆಳತಿ ಫೋನ್ ಮಾಡುತ್ತಿದ್ದಳು. ಅವಳೊಬ್ಬಳೇ ಮಾತಾಡುವಳು, ಅವ್ವ ರಿಸೀವರಿಗೆ ಬಳೆ ತಾಗಿಸುವಳು, ಅದೇ ಅವಳ ಹೂಂ. ಒಮ್ಮೆ ನನ್ನನ್ನು ಫೋನಿಗೆ ಕರೆದು ಅವಳು ದೂರಿದಳು: "ನಿಮ್ಮವ್ವಗ ಹೇಳವಾ, ಹಿಂಗ ಬಳಿ ಬಡದ್ರ ನನ್ನ ಕಿವಿ ಹೋಗತಾವು. ನನಗ ಒಂದು ಮಾತರೆ ಪೂರಾ ಆಡಗೊಡವಲ್ಲಳು."